ಯಾವ ತೊಂದರೆಗೆ ಯಾವ ಆಸ್ಪತ್ರೆ? ಬೈಲಕುಪ್ಪೆಯ ಸುತ್ತಿನ ದಂಪತಿಗಳು ಅರಿತಿರಬೇಕಾದ ಆರೋಗ್ಯ ಸಂಸ್ಥೆಗಳು



ಸಂತೆಗೆ ಹೋಗುವ ದಾರಿ ನಿಮಗೆ ಗೊತ್ತು. ಗೊಬ್ಬರ ಎಲ್ಲಿ ದೊರೆಯುವುದು, ಪಹಣಿ ಯಾವ ಕಚೇರಿಯಲ್ಲಿ ಸಿಗುವುದು ಎಂಬುದೂ ಗೊತ್ತು. ಆದರೆ ನಡುರಾತ್ರಿಯಲ್ಲಿ ಮನೆಯವರೊಬ್ಬರಿಗೆ ಪ್ರಾಣಸಂಕಟ ಬಂದರೆ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಕರೆದೊಯ್ಯಬೇಕು ಎಂಬುದನ್ನು ನೀವಿಬ್ಬರೂ ಕುಳಿತು ಎಂದಾದರೂ ಮಾತನಾಡಿದ್ದೀರಾ?

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಬೈಲಕುಪ್ಪೆಗೆ ಸಮೀಪದ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಹೊಗೆಸೊಪ್ಪು ಬೆಳೆಯುವ ರೈತ ಕುಟುಂಬ. ಬ್ಯಾರನ್ನಿಗೆ ಬೆಂಕಿ ಹಾಕಿರುವ ಕಾಲ. ಗಂಡ ರಾತ್ರಿಯೆಲ್ಲ ಅಲ್ಲಿಯೇ ಕಾವಲು. ಹೆಂಡತಿ ತುಂಬು ಗರ್ಭಿಣಿ. ನೋವು ಆರಂಭವಾಗುತ್ತದೆ. "ನಾವೆಲ್ಲ ಮನೆಯಲ್ಲೇ ಹೆತ್ತಿಲ್ಲವೇ?" ಎನ್ನುತ್ತಾರೆ ಅತ್ತೆ. "ನೇರವಾಗಿ ಮೈಸೂರಿಗೇ ಹೋಗೋಣ" ಎನ್ನುತ್ತಾರೆ ಮೈದುನ. "ಬೆಳಗಾಗಲಿ, ನೋಡೋಣ" ಎನ್ನುತ್ತಾರೆ ಮಾವ. ಹೀಗೆ ಮಾತಿನಲ್ಲಿಯೇ ಒಂದೂವರೆ ಗಂಟೆ ಕಳೆಯುತ್ತದೆ. ಅಷ್ಟರಲ್ಲಿ ಮಗು ಹುಟ್ಟಿ, ತಾಯಿಗೆ ರಕ್ತಸ್ರಾವ ಆರಂಭವಾಗುತ್ತದೆ.

ಹೆರಿಗೆಯ ನಂತರದ ತೀವ್ರ ರಕ್ತಸ್ರಾವವು ಎರಡು ಗಂಟೆಗಳ ಒಳಗೇ ತಾಯಿಯ ಪ್ರಾಣ ತೆಗೆಯಬಲ್ಲದು. ಬೈಲಕುಪ್ಪೆಯಿಂದ ಮೈಸೂರಿಗೆ ಸುಮಾರು 80 ಕಿಲೋಮೀಟರ್. ರಸ್ತೆ ಪ್ರಯಾಣಕ್ಕೆ ಎರಡು ಗಂಟೆಗೆ ಸಮೀಪವಾದ ಕಾಲ ಬೇಕು. ಈ ಎರಡು ಲೆಕ್ಕಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಈ ಪಾಠದ ಉದ್ದೇಶವು ಸ್ಪಷ್ಟವಾಗುವುದು. ದೊಡ್ಡ ಆಸ್ಪತ್ರೆಯೇ ಯಾವಾಗಲೂ ಸರಿಯಾದ ಆಸ್ಪತ್ರೆಯಲ್ಲ. ಆ ಹೊತ್ತಿಗೆ ಬೇಕಾದ ಚಿಕಿತ್ಸೆಯನ್ನು ನೀಡಬಲ್ಲ, ಅತಿ ಸಮೀಪದ ಆಸ್ಪತ್ರೆಯೇ ಸರಿಯಾದ ಆಸ್ಪತ್ರೆ. ಅದು ಯಾವುದು ಎಂಬುದನ್ನು ನೋವು ಬರುವ ಮೊದಲೇ ತಿಳಿದಿರಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ.

1. ಊರಿನಲ್ಲಿಯೇ ಇರುವ ಸೇವೆಗಳು

ಆರೋಗ್ಯ ವ್ಯವಸ್ಥೆಯನ್ನು ಮೆಟ್ಟಿಲುಗಳಿಗೆ ಹೋಲಿಸಬಹುದು. ಮೊದಲನೆಯ ಮೆಟ್ಟಿಲು ನಿಮ್ಮ ಊರಿನಲ್ಲಿಯೇ ಇದೆ.

ಅಂಗನವಾಡಿ: ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಗರ್ಭಿಣಿಯರಿಗೆ, ಬಾಣಂತಿಯರಿಗೆ ಹಾಗೂ ಆರು ವರ್ಷದೊಳಗಿನ ಮಕ್ಕಳಿಗೆ ಪೂರಕ ಆಹಾರ, ಮಕ್ಕಳ ತೂಕ ನೋಡುವುದು, ಶಾಲಾಪೂರ್ವ ಶಿಕ್ಷಣ ಇವು ಅಂಗನವಾಡಿಯ ಮುಖ್ಯ ಕೆಲಸಗಳು. ಮಗುವಿನ ತೂಕ ಏರದೆ ನಿಂತಿರುವುದನ್ನು ಮೊದಲು ಗುರುತಿಸುವ ಸ್ಥಳ ಇದೇ.

ಆಶಾ ಕಾರ್ಯಕರ್ತೆ: ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಇರುವ ಇವರು ನಿಮ್ಮ ಊರಿನವರೇ. ಗರ್ಭಿಣಿಯ ಹೆಸರು ನೋಂದಾಯಿಸುವುದು, ತಪಾಸಣೆಯ ದಿನವನ್ನು ನೆನಪಿಸುವುದು, ಹೆರಿಗೆಗೆ ಜೊತೆಯಲ್ಲಿ ಬರುವುದು, ನಿರೋಧ್ ಮತ್ತು ಮಾತ್ರೆಗಳನ್ನು ಮನೆಗೆ ತಲುಪಿಸುವುದು ಇವರ ಕರ್ತವ್ಯಗಳು.

ಉಪಕೇಂದ್ರ: ಬಯಲು ಪ್ರದೇಶದಲ್ಲಿ 5,000, ಗುಡ್ಡಗಾಡು ಮತ್ತು ಗಿರಿಜನ ಪ್ರದೇಶದಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಇರಬೇಕೆಂಬುದು ನಿಯಮ. ನೀವು 'ನರ್ಸಮ್ಮ' ಎಂದು ಕರೆಯುವ ಆರೋಗ್ಯ ಸಹಾಯಕಿಯವರು ಇಲ್ಲಿ ಸೇವೆ ಸಲ್ಲಿಸುತ್ತಾರೆ. ಗರ್ಭಿಣಿಯ ರಕ್ತದೊತ್ತಡ, ತೂಕ ಮತ್ತು ರಕ್ತದ ಅಂಶದ ಪರೀಕ್ಷೆ, ಧನುರ್ವಾಯು ತಡೆಯುವ ಚುಚ್ಚುಮದ್ದು, ಕಬ್ಬಿಣಾಂಶದ ಮಾತ್ರೆ, ಮಕ್ಕಳ ಲಸಿಕೆ ಇಲ್ಲಿ ಉಚಿತ. ಅನೇಕ ಉಪಕೇಂದ್ರಗಳಿಗೆ ಈಗ 'ಆಯುಷ್ಮಾನ್ ಆರೋಗ್ಯ ಮಂದಿರ' ಎಂಬ ಫಲಕವಿದೆ. 2023ರಿಂದ ಬಂದ ಈ ಹೆಸರನ್ನು ಕಂಡು ಬೇರೆ ಸಂಸ್ಥೆಯೆಂದು ಭಾವಿಸಬೇಕಾಗಿಲ್ಲ. ಅಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯೂ ಸೇರಿದೆ.

ಗರ್ಭ ನಿಂತಿರುವುದು ತಿಳಿದ ಕೂಡಲೇ, ಮೂರು ತಿಂಗಳು ತುಂಬುವ ಮೊದಲೇ, ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ. ಕನಿಷ್ಠ ನಾಲ್ಕು ಬಾರಿ ತಪಾಸಣೆ ಆಗಲೇಬೇಕು. ಹೊಗೆಸೊಪ್ಪು ಬೆಳೆಯುವ ಮನೆಗಳವರು ಇನ್ನೊಂದು ಮಾತನ್ನು ಗಮನಿಸಬೇಕು. ಇಬ್ಬನಿಯಿಂದ ಅಥವಾ ಮಳೆಯಿಂದ ನೆನೆದ ಹಸಿ ಎಲೆಯನ್ನು ಮುರಿಯುವಾಗ ಅದರ ನಿಕೋಟಿನ್ ವಿಷವು ಚರ್ಮದ ಮೂಲಕ ಮೈಸೇರುತ್ತದೆ. ತಲೆಸುತ್ತು, ವಾಂತಿ ಉಂಟಾಗುತ್ತದೆ. ಗರ್ಭಿಣಿಯು ಈ ಕೆಲಸದಿಂದ ದೂರವಿರಬೇಕು. ಇದನ್ನು ನೋಡಿಕೊಳ್ಳುವ ಹೊಣೆ ಗಂಡನದು, ಅತ್ತೆಮಾವಂದಿರದು.

2. ಪ್ರಾಥಮಿಕ ಆರೋಗ್ಯ ಕೇಂದ್ರ

ಬಯಲು ಸೀಮೆಯಲ್ಲಿ 30,000, ಗುಡ್ಡಗಾಡು ಮತ್ತು ಗಿರಿಜನ ಪ್ರದೇಶದಲ್ಲಿ 20,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ವೈದ್ಯಾಧಿಕಾರಿ, ಶುಶ್ರೂಷಕಿಯರು, ಔಷಧ ವಿತರಕರು ಮತ್ತು ಪ್ರಯೋಗಶಾಲೆಯ ಸೌಲಭ್ಯ ಇಲ್ಲಿ ಇರುತ್ತವೆ. ಜ್ವರ, ಭೇದಿ, ಗಾಯ ಮುಂತಾದವುಗಳ ಚಿಕಿತ್ಸೆ, ತೊಡಕಿಲ್ಲದ ಹೆರಿಗೆ, ಕಫ ಪರೀಕ್ಷೆಯ ವ್ಯವಸ್ಥೆ ಇಲ್ಲಿ ದೊರೆಯುವವು. ಎರಡು ವಾರಕ್ಕೂ ಹೆಚ್ಚು ಕಾಲ ಕೆಮ್ಮಿದ್ದರೆ ಕಫವನ್ನು ಪರೀಕ್ಷಿಸಿಕೊಳ್ಳಿ. ಕ್ಷಯದ ಪರೀಕ್ಷೆ ಮತ್ತು ಔಷಧ ಸಂಪೂರ್ಣ ಉಚಿತ.

ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ ನಡೆಯುವುದು. ಕನಿಷ್ಠ ಒಂದು ಬಾರಿಯಾದರೂ, ನಾಲ್ಕನೆಯ ತಿಂಗಳಿನ ಅನಂತರ, ಆ ದಿನ ವೈದ್ಯರಿಗೆ ತೋರಿಸಿ. ಈ ತಪಾಸಣೆಯಿಂದ, ಹೆರಿಗೆಯು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಆಗಬಹುದೋ, ತಾಲ್ಲೂಕು ಆಸ್ಪತ್ರೆಗೇ ಹೋಗಬೇಕೋ ಎಂಬುದು ಮುಂಚಿತವಾಗಿ ತಿಳಿಯುವುದು.

ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ರಾತ್ರಿಯ ಹೆರಿಗೆಗೆ ತೆರೆದಿರುವುದಿಲ್ಲ. ನಿಮ್ಮ ಕೇಂದ್ರವು ದಿನದ 24 ಗಂಟೆಯೂ ಕೆಲಸ ಮಾಡುವುದೇ ಎಂಬುದನ್ನು ಹಗಲು ಹೊತ್ತಿನಲ್ಲಿಯೇ ಕೇಳಿ ತಿಳಿಯಿರಿ.

3. ಸಮುದಾಯ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆ

ಸಮುದಾಯ ಆರೋಗ್ಯ ಕೇಂದ್ರವು ನಿಯಮದಂತೆ 30 ಹಾಸಿಗೆಗಳ ಆಸ್ಪತ್ರೆ. ಅದಕ್ಕಿಂತ ಮೇಲಿನದು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ. ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ಪಟ್ಟಣಗಳಲ್ಲಿ ಇಂತಹ ಆಸ್ಪತ್ರೆಗಳಿವೆ. ಪ್ರಸೂತಿ ತಜ್ಞರು, ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು ಕೂಡಿ ಕೆಲಸ ಮಾಡುವುದು ಇಲ್ಲಿ. ಸಿಸೇರಿಯನ್ ಶಸ್ತ್ರಚಿಕಿತ್ಸೆ, ಹಾವು ಕಡಿತಕ್ಕೆ ಪ್ರತಿವಿಷ, ನಾಯಿ ಕಡಿತಕ್ಕೆ ಚುಚ್ಚುಮದ್ದು, ಎಕ್ಸ್-ರೇ ಮುಂತಾದ ಸೇವೆಗಳಿಗಾಗಿ ಇಲ್ಲಿಗೆ ಬರಬೇಕು.

ಈ ಕೆಳಗಿನ ಗರ್ಭಿಣಿಯರು ಹೆರಿಗೆಗೆ ತಾಲ್ಲೂಕು ಆಸ್ಪತ್ರೆಯನ್ನೇ ಆರಿಸಿಕೊಳ್ಳಬೇಕು:

ಅ. ಹಿಂದಿನ ಹೆರಿಗೆ ಶಸ್ತ್ರಚಿಕಿತ್ಸೆಯಿಂದ ಆದವರು
ಆ. ರಕ್ತದೊತ್ತಡ ಹೆಚ್ಚಿರುವವರು, ಮುಖ ಮತ್ತು ಕೈಗಳಲ್ಲಿ ಊತವಿರುವವರು
ಇ. ರಕ್ತದ ಅಂಶ 7 ಗ್ರಾಮಿಗಿಂತ ಕಡಿಮೆ ಇರುವವರು
ಈ. ಅವಳಿ ಮಕ್ಕಳಿರುವವರು, ಮಗು ಅಡ್ಡಲಾಗಿ ಇರುವವರು
ಉ. ಹಿಂದಿನ ಹೆರಿಗೆಯಲ್ಲಿ ಹೆಚ್ಚು ರಕ್ತಸ್ರಾವವಾದವರು

ಇಂತಹವರು ದಿನ ಸಮೀಪಿಸುವ ಮೊದಲೇ ಆಸ್ಪತ್ರೆಗೆ ಹೋಗಿ, ರಕ್ತ ನೀಡುವ ವ್ಯವಸ್ಥೆ ಅಲ್ಲಿ ಇದೆಯೇ ಎಂದು ವಿಚಾರಿಸಬೇಕು. ಇಲ್ಲದಿದ್ದರೆ ಎಲ್ಲಿ ಹೆರಿಗೆ ಮಾಡಿಸುವುದೆಂದು ವೈದ್ಯರನ್ನೇ ಕೇಳಿ ತೀರ್ಮಾನಿಸಬೇಕು.

4. ಮೈಸೂರಿನ ದೊಡ್ಡ ಆಸ್ಪತ್ರೆಗಳು

ತಾಲ್ಲೂಕು ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗಾಗಿ ಮೈಸೂರಿಗೆ ಕಳುಹಿಸುತ್ತಾರೆ. ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆಯು ಎಲ್ಲ ಬಗೆಯ ರೋಗಗಳಿಗೆ. ಚೆಲುವಾಂಬ ಆಸ್ಪತ್ರೆಯು ಹೆಂಗಸರಿಗೆ ಮತ್ತು ಮಕ್ಕಳಿಗೆ. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆಯು 1921ರಿಂದ ಇರುವಂತಹುದು. ಹುಟ್ಟಿದ ಮಗು ಶಬ್ದಕ್ಕೆ ತಿರುಗದಿದ್ದರೆ, ವಯಸ್ಸಿಗೆ ತಕ್ಕಂತೆ ಮಾತು ಬಾರದಿದ್ದರೆ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಿರಿ. 1965ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ದೇಶದ ನಾನಾ ಭಾಗಗಳಿಂದ ಜನರು ಬರುತ್ತಾರೆ. ಇಷ್ಟು ಸಮೀಪದಲ್ಲಿರುವ ನಾವು "ಮಾತು ತಡವಾಗಿ ಬರುವುದು ನಮ್ಮ ವಂಶದ ಗುಣ" ಎಂದು ವರ್ಷಗಳನ್ನು ಕಳೆಯುವುದು ತರವಲ್ಲ.

ಕೆಳಗಿನ ಆಸ್ಪತ್ರೆಯಿಂದ ಶಿಫಾರಸು ಚೀಟಿ ಪಡೆದು ಹೋದರೆ ಮೇಲಿನ ಆಸ್ಪತ್ರೆಯವರಿಗೆ ರೋಗದ ವಿವರ ಕೂಡಲೇ ತಿಳಿಯುವುದು. ತುರ್ತು ಸಂದರ್ಭದಲ್ಲಿ ಮಾತ್ರ ಚೀಟಿಗಾಗಿ ಕಾಯಬಾರದು.

5. ಹೊಳೆಯ ಆಚೆಯೂ ನಮ್ಮದೇ

ಬೈಲಕುಪ್ಪೆಯು ಮೈಸೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದೆ. ಕಾವೇರಿ ಸೇತುವೆ ದಾಟಿದರೆ ಕೊಡಗಿನ ಕುಶಾಲನಗರ. ಅಲ್ಲಿಯೂ ಸರ್ಕಾರಿ ಆಸ್ಪತ್ರೆಯಿದೆ. ಅದರ ಮುಂದಕ್ಕೆ ಮಡಿಕೇರಿಯಲ್ಲಿ, 2016ರಲ್ಲಿ ಆರಂಭವಾದ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧನಾ ಆಸ್ಪತ್ರೆಯಿದೆ. ಬೈಲಕುಪ್ಪೆಯವರಿಗೆ ದೂರದಲ್ಲಿ ಮಡಿಕೇರಿಯು ಮೈಸೂರಿನ ಅರ್ಧಕ್ಕಿಂತ ಕಡಿಮೆ. ಹೀಗಿದ್ದರೂ "ನಮ್ಮ ಜಿಲ್ಲೆ ಅದಲ್ಲ" ಎಂದು ಹಿಂಜರಿಯುವವರು ಇದ್ದಾರೆ. ಕಂದಾಯಕ್ಕೆ ಜಿಲ್ಲೆಯ ಗಡಿ ಇರಬಹುದು, ಪ್ರಾಣಾಪಾಯಕ್ಕೆ ಗಡಿಯಿಲ್ಲ. ತುರ್ತು ಚಿಕಿತ್ಸೆಗೆ ಸಮೀಪದ ಸರ್ಕಾರಿ ಆಸ್ಪತ್ರೆ ಯಾವ ಜಿಲ್ಲೆಯದಾದರೂ ಅಲ್ಲಿಗೆ ಹೋಗಬಹುದು.

6. ಸ್ವಯಂಸೇವಾ ಸಂಸ್ಥೆಗಳು ಮತ್ತು ಇತರ ಪದ್ಧತಿಗಳು

ಸರ್ಕಾರದ ಜೊತೆಗೆ ಸೇವಾ ಸಂಸ್ಥೆಗಳೂ ನಮ್ಮ ಭಾಗದಲ್ಲಿ ಬಹುಕಾಲದಿಂದ ದುಡಿಯುತ್ತಿವೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಲ್ಲಿ ಸ್ಥಾಪಿತವಾಯಿತು. ಜನರು ಅದನ್ನು 'ಮಿಷನ್ ಆಸ್ಪತ್ರೆ' ಎಂದೇ ಕರೆಯುವರು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಮುಂತಾದ ಗಿರಿಜನರ ಸೇವೆಯನ್ನು, ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಮಾಡುತ್ತ ಬಂದಿದೆ. ಅದರ ಆಸ್ಪತ್ರೆ ಸರಗೂರಿನಲ್ಲಿದೆ.

ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟಿಯನ್ ನಿರಾಶ್ರಿತರು ತಮ್ಮದೇ ಆದ ತ್ಸೋ-ಜೆ ಖಾಂಗ್ಸರ್ ಆಸ್ಪತ್ರೆಯನ್ನು ಹೊಂದಿದ್ದಾರೆ. ಮೆನ್-ತ್ಸೀ-ಖಾಂಗ್ ಸಂಸ್ಥೆಯ ಶಾಖೆಯಲ್ಲಿ ಅವರ ಪರಂಪರೆಯ 'ಸೋವಾ-ರಿಗ್ಪಾ' ವೈದ್ಯವೂ ದೊರೆಯುವುದು. ಈ ಪದ್ಧತಿಗೆ 2010ರಲ್ಲಿ ಭಾರತ ಸರ್ಕಾರದ ಕಾನೂನಿನ ಮನ್ನಣೆ ದೊರೆಯಿತು. ಆಯುರ್ವೇದ, ಯುನಾನಿ, ಹೋಮಿಯೋಪಥಿ ಚಿಕಿತ್ಸಾಲಯಗಳೂ ಸರ್ಕಾರದ ಆಯುಷ್ ಇಲಾಖೆಯ ಆಶ್ರಯದಲ್ಲಿವೆ. ದೀರ್ಘಕಾಲದ ನೋವು, ಅಜೀರ್ಣ ಮುಂತಾದವಕ್ಕೆ ಇವುಗಳನ್ನು ಆಶ್ರಯಿಸುವವರುಂಟು. ಆದರೆ ರಕ್ತಸ್ರಾವ, ಸೆಳವು, ಹಾವು ಕಡಿತ, ಮಗುವಿನ ಉಸಿರಾಟದ ತೊಂದರೆ ಇವುಗಳಿಗೆ ನೇರವಾಗಿ ತುರ್ತು ಚಿಕಿತ್ಸೆಯಿರುವ ಆಸ್ಪತ್ರೆಗೇ ಹೋಗಬೇಕು.

ಖಾಸಗಿ ನರ್ಸಿಂಗ್ ಹೋಮ್‌ಗೆ ಹೋಗುವುದಾದರೆ ಖರ್ಚನ್ನೂ, ರಾತ್ರಿ ವೈದ್ಯರು ಇರುವರೇ ಎಂಬುದನ್ನೂ ಮೊದಲೇ ಕೇಳಿ. ವೈದ್ಯಕೀಯ ಪದವಿಯಿಲ್ಲದೆ ಚುಚ್ಚುಮದ್ದು ಕೊಡುವವರ ಬಳಿಗೆ ಹೋಗಬೇಡಿ. ಹೆರಿಗೆ ನೋವನ್ನು ಹೆಚ್ಚಿಸಲು ಮನೆಯಲ್ಲಿ ಸೂಜಿ ಹಾಕಿಸುವುದು ತಾಯಿಯ ಗರ್ಭಕೋಶ ಹರಿಯಲೂ, ಮಗು ಸಾಯಲೂ ಕಾರಣವಾಗಬಹುದು.

7. ಕುಟುಂಬ ಕಲ್ಯಾಣ ಸೇವೆಗಳು ಎಲ್ಲಿ ದೊರೆಯುವವು?

ಸಂತಾನ ನಿಯಂತ್ರಣದ ವಿಷಯದಲ್ಲಿ ನಮ್ಮ ನಾಡಿಗೆ ಹಳೆಯ ಇತಿಹಾಸವಿದೆ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಇದಕ್ಕಾಗಿ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಸ್ವತಂತ್ರ ಭಾರತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದುದು 1952ರಲ್ಲಿ. ಈಗ ದೊರೆಯುವ ಸೇವೆಗಳು ಹೀಗಿವೆ:

ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರ: ನಿರೋಧ್, ದಿನವೂ ನುಂಗುವ ಮಾಲಾ-ಎನ್ ಮಾತ್ರೆ, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದರಂತೆ ನುಂಗುವ ಛಾಯಾ ಮಾತ್ರೆ.

ತರಬೇತಿ ಪಡೆದ ಸಿಬ್ಬಂದಿ ಇರುವ ಆರೋಗ್ಯ ಕೇಂದ್ರ: ವಂಕಿ ಅಂದರೆ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರಾ ಚುಚ್ಚುಮದ್ದು. ವಂಕಿಯಲ್ಲಿ ಐದು ವರ್ಷದ್ದು, ಹತ್ತು ವರ್ಷದ್ದು ಎಂಬ ಎರಡು ಬಗೆಗಳಿವೆ. ಮಗು ಬೇಕೆನಿಸಿದಾಗ ತೆಗೆಸಬಹುದು.

ಸಮುದಾಯ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆ: ಮಕ್ಕಳು ಸಾಕೆಂದು ನಿಶ್ಚಯಿಸಿದವರಿಗೆ ಶಾಶ್ವತ ಶಸ್ತ್ರಚಿಕಿತ್ಸೆ. ಗಂಡಸರಿಗೆ ಮಾಡುವ ಹೊಲಿಗೆಯಿಲ್ಲದ ಶಸ್ತ್ರಚಿಕಿತ್ಸೆಯು ಹೆಂಗಸರದಕ್ಕಿಂತ ಸರಳವಾದುದು. ಅದರಿಂದ ದುಡಿಯುವ ಶಕ್ತಿಯಾಗಲಿ, ದಾಂಪತ್ಯ ಸುಖವಾಗಲಿ ಕುಂದುವುದಿಲ್ಲ. ಆದರೂ ಈ ಭಾರವನ್ನು ಹೆಂಡತಿಯ ಮೇಲೆಯೇ ಹೊರಿಸುವುದು ರೂಢಿಯಾಗಿದೆ. ಗಂಡಂದಿರು ಇದನ್ನು ಯೋಚಿಸಬೇಕು.

ಯಾವ ವಿಧಾನ ಬೇಕು, ಯಾವುದು ಬೇಡ ಎಂಬುದು ನಿಮ್ಮ ಇಚ್ಛೆ. ಯಾರೂ ಬಲವಂತ ಮಾಡುವಂತಿಲ್ಲ. ಗರ್ಭವನ್ನು ಮುಂದುವರಿಸಲಾಗದ ಪರಿಸ್ಥಿತಿಯಿದ್ದರೆ, 1971ರ ಕಾಯಿದೆಯಂತೆ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ತಜ್ಞರಿಂದಲೇ ಗರ್ಭಪಾತ ಮಾಡಿಸಿಕೊಳ್ಳಬೇಕು, ವಿಷಯವನ್ನು ಗುಟ್ಟಾಗಿಡುವರು. ಕಡ್ಡಿ, ನಾಟಿ ಮದ್ದುಗಳ ಪ್ರಯೋಗ ಪ್ರಾಣಕ್ಕೆ ಎರವಾಗುವುದು. ಹುಟ್ಟುವ ಮೊದಲೇ ಮಗು ಗಂಡೋ ಹೆಣ್ಣೋ ಎಂದು ಪತ್ತೆಮಾಡಿಸುವುದು 1994ರ ಕಾಯಿದೆಯಂತೆ ಅಪರಾಧ.

8. ಹಣ ಮತ್ತು ಕಾಗದಪತ್ರ

ಹಣವಿಲ್ಲವೆಂಬ ಭಯವೂ ತಡಕ್ಕೆ ಒಂದು ಕಾರಣ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧ, ಪರೀಕ್ಷೆ, ರಕ್ತ, ಊಟ ಹಾಗೂ ಹೋಗಿಬರುವ ವಾಹನ ಇವೆಲ್ಲವೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಉಚಿತ. ಒಂದು ವರ್ಷದೊಳಗಿನ ಕಾಯಿಲೆ ಮಗುವಿಗೂ ಈ ಸೌಲಭ್ಯವುಂಟು. ಬಡತನ ರೇಖೆಗಿಂತ ಕೆಳಗಿನ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವಿದೆ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, ಮಧ್ಯೆ ನಿಂತಿದ್ದ ಯಶಸ್ವಿನಿ ಯೋಜನೆಯು 2022ರಲ್ಲಿ ಮತ್ತೆ ಜಾರಿಗೆ ಬಂದಿತು. ತಾಯಿ ಕಾರ್ಡ್, ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇವನ್ನು ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ.

9. ಅಪಾಯದ ಚಿಹ್ನೆಗಳು

ಈ ಕೆಳಗಿನವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿ:

ಗರ್ಭಿಣಿ ಮತ್ತು ಬಾಣಂತಿಗೆ: ರಕ್ತಸ್ರಾವ, ಸೆಳವು, ತೀವ್ರ ತಲೆನೋವು ಮತ್ತು ಕಣ್ಣು ಮಂಜಾಗುವುದು, ತೀವ್ರ ಜ್ವರ, ಮಗು ಮಿಸುಕಾಡದಿರುವುದು, ನೋವಿಲ್ಲದೆ ನೀರು ಒಡೆಯುವುದು, ನೋವು ಹನ್ನೆರಡು ಗಂಟೆ ಮೀರುವುದು, ಹೆರಿಗೆಯಾಗಿ ಅರ್ಧ ಗಂಟೆಯಾದರೂ ಮಾಸು ಬೀಳದಿರುವುದು.

ಹಸುಗೂಸಿಗೆ: ಹಾಲು ಕುಡಿಯದಿರುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ಉಸಿರಾಡುವಾಗ ಪಕ್ಕೆ ಒಳಸೆಳೆಯುವುದು, ಅಂಗೈ ಅಂಗಾಲು ಹಳದಿಯಾಗುವುದು.

ಕೂಡಲೇ 108ಕ್ಕೆ ಫೋನು ಮಾಡಿ. 2008ರಿಂದ ನಮ್ಮ ರಾಜ್ಯದಲ್ಲಿರುವ ಈ ಆಂಬುಲೆನ್ಸ್ ಸೇವೆ ಹಗಲಿರುಳೂ ಉಚಿತ. ಊರಿನ ಹೆಸರಿನ ಜೊತೆಗೆ ಗುರುತು ಹೇಳಿ: ದೇವಸ್ಥಾನ, ಶಾಲೆ, ಹಾಲಿನ ಡೇರಿ. ಒಬ್ಬರು ರಸ್ತೆಯ ಬದಿಗೆ ಬಂದು ನಿಂತಿರಲಿ.

10. ಇಂದೇ ಮಾಡಿಕೊಳ್ಳಬೇಕಾದ ತೀರ್ಮಾನ

ಈಗ ಮೊದಲು ಹೇಳಿದ ಕುಟುಂಬಕ್ಕೆ ಮರಳೋಣ. ಅದೇ ಮನೆ, ಅದೇ ರಾತ್ರಿ. ಆದರೆ ಈ ಬಾರಿ ಏಳನೆಯ ತಿಂಗಳಿನಲ್ಲಿಯೇ ಗಂಡ-ಹೆಂಡಿರು ಅತ್ತೆಮಾವಂದಿರೊಡನೆ ಕುಳಿತು ಮಾತನಾಡಿದ್ದಾರೆ. ನೋವು ಆರಂಭವಾದ ಕೂಡಲೇ ಹೆಂಡತಿ ಫೋನು ಮಾಡಿ "ರೀ, ಬನ್ನಿ" ಎನ್ನುತ್ತಾಳೆ. ಬ್ಯಾರನ್ ನೋಡಿಕೊಳ್ಳಲು ಮೈದುನ ಹೋಗುತ್ತಾನೆ. ಮಾವ 108ಕ್ಕೆ ಫೋನು ಮಾಡುತ್ತಾರೆ. ಅತ್ತೆ ಚೀಲ ಹಿಡಿದು ಆಶಾ ಕಾರ್ಯಕರ್ತೆಯೊಡನೆ ಹೊರಡುತ್ತಾರೆ. ಹೆರಿಗೆಯ ನಂತರ ರಕ್ತಸ್ರಾವವಾದರೂ, ಗರ್ಭಕೋಶ ಗಟ್ಟಿಯಾಗಲು ಬೇಕಾದ ಚುಚ್ಚುಮದ್ದನ್ನು ಆಸ್ಪತ್ರೆಯಲ್ಲಿ ಆ ಕ್ಷಣವೇ ಕೊಡುತ್ತಾರೆ. ಮೇಲಿನ ಆಸ್ಪತ್ರೆಗೆ ಕಳುಹಿಸಬೇಕಾದರೂ ದಾರಿಯಲ್ಲಿ ತಾಯಿಗೆ ರಕ್ಷಣೆಯಿರುತ್ತದೆ. ಆಸ್ಪತ್ರೆಗಳು ಬದಲಾಗಲಿಲ್ಲ, ರಸ್ತೆಯೂ ಬದಲಾಗಲಿಲ್ಲ. ಬದಲಾದುದು ಆ ಒಂದೂವರೆ ಗಂಟೆ ಮಾತ್ರ.

ನಿಮ್ಮ ತಾಯಿ ಕಾರ್ಡಿನ ಜೊತೆಗೆ ಒಂದು ಹಾಳೆಯನ್ನಿಟ್ಟು ಈ ಐದು ಉತ್ತರಗಳನ್ನು ಇಬ್ಬರೂ ಕೂಡಿ ಬರೆಯಿರಿ:

1. ರಾತ್ರಿಯೂ ಹೆರಿಗೆ ಮಾಡಿಸುವ ಅತಿ ಸಮೀಪದ ಸರ್ಕಾರಿ ಆಸ್ಪತ್ರೆ ಯಾವುದು?
2. ಶಸ್ತ್ರಚಿಕಿತ್ಸೆ ಮತ್ತು ರಕ್ತದ ವ್ಯವಸ್ಥೆಯಿರುವ ಅತಿ ಸಮೀಪದ ಆಸ್ಪತ್ರೆ ಯಾವುದು? ಅಲ್ಲಿಗೆ ಎಷ್ಟು ಹೊತ್ತಿನ ದಾರಿ?
3. 108 ತಡವಾದರೆ ಯಾರ ವಾಹನ ದೊರೆಯುವುದು?
4. ಜೊತೆಯಲ್ಲಿ ಬರುವವರು ಯಾರು? ಮನೆಯಲ್ಲಿ ಮಕ್ಕಳನ್ನೂ ದನಕರುಗಳನ್ನೂ ನೋಡಿಕೊಳ್ಳುವವರು ಯಾರು?
5. ಗಂಡ ಊರಿನಲ್ಲಿ ಇಲ್ಲದಿದ್ದರೆ, ಹೊರಡಲು ತೀರ್ಮಾನಿಸುವವರು ಯಾರು?

ಐದನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಒಂದು ಮಾತನ್ನು ನೆನಪಿಡಿ. ನೋವು ಯಾರಿಗೋ, ತೀರ್ಮಾನದ ಮೊದಲ ಹಕ್ಕು ಅವರದೇ. "ಆಸ್ಪತ್ರೆಗೆ ಹೋಗಬೇಕು" ಎಂದು ಹೆಂಡತಿ ಹೇಳಿದರೆ ಯಾರ ಅಪ್ಪಣೆಗೂ ಕಾಯದೆ ಹೊರಡಿ.